ಮಾತು ಕೇಳದ ಎಂಜಿನ್ನು

ಬಿ.ಎ. ತರಗತಿಯಲ್ಲಿ ಚರಿತ್ರೆ ಓದುವವನು ಯಂತ್ರದ ವಿಷಯ ಬರೆಯುವುದೇಕೆಂದು ವಾಚಕ ಮಿತ್ರರು ಹುಬ್ಬೇರಿಸಬಹುದು. ಅದಕ್ಕೆ ಹೊಣೆ ನಮ್ಮ ಬೀದಿಯವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ, ಔಷಧದ ಚೀಟಿಯಿಂದ ಹಿಡಿದು ವಿಮೆಯ ನೋಟೀಸಿನವರೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವೆಲ್ಲ ನನ್ನಲ್ಲಿಗೇ ಬರುತ್ತದೆ. ಕಳೆದ ದಸರಾ ರಜೆ ಮುಗಿದ ಮೇಲೆ ಹಾಗೆಯೇ ಒಂದು ಮಾದರಿ ರೈಲೆಂಜಿನ್ನೂ ಅದರ ಕೈಪಿಡಿಯೂ ಬಂದವು.

ಅವು ನಿವೃತ್ತ ಎಂಜಿನ್ ಡ್ರೈವರೊಬ್ಬರವು. ಹೊರದೇಶದಲ್ಲಿರುವ ಮಗ ತಂದುಕೊಟ್ಟದ್ದು. ಕೀಲಿಕೊಟ್ಟು ಬಿಡುವ ತಗಡಿನ ಬಂಡಿಯೆಂದು ಯಾರೂ ತಿಳಿಯಬಾರದು. ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲಿನ ಅಳತೆಯದು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಕೈಯಲ್ಲಿ ಹಿಡಿಯುವ ನಿಯಂತ್ರಕದ ಗುಂಡಿಗಳನ್ನೊತ್ತಿ ದೂರದಿಂದಲೇ ಓಡಿಸತಕ್ಕದ್ದು. ಒಂದು ಬೆಳಿಗ್ಗೆ ಅದು ನಿಂತುಬಿಟ್ಟಿತು. ದೀಪವನ್ನು ಹತ್ತೆಂದರೆ ಹತ್ತುತ್ತದೆ, ಆರೆಂದರೆ ಆರುತ್ತದೆ. ಚಕ್ರ ಮಾತ್ರ ಕದಲದು. ಪೇಟೆಯ ಅಂಗಡಿಯೊಂದರಲ್ಲಿ, ಒಳಗಿನ ಡಿಕೋಡರ್ ಸುಟ್ಟಿದೆ, ಹೊಸದನ್ನು ಹೊರಗಿನಿಂದ ತರಿಸಬೇಕು ಎಂದರಂತೆ. ಹೇಳಿದ ಬೆಲೆ ಅವರ ಪಿಂಚಣಿಗೆ ಹಗುರವಾದದ್ದಲ್ಲ. ಬೆಲೆಗಿಂತಲೂ ಅವರನ್ನು ಕಾಡುತ್ತಿದ್ದ ಮಾತು ಬೇರೆ: “ಜೀವಮಾನವೆಲ್ಲ ಎಂಜಿನ್ ನಡೆಸಿದವನು ಅಂಗೈಯಗಲದ್ದನ್ನು ಕೆಡಿಸಿಬಿಟ್ಟನೆಂದು ಮಗನಿಗೆ ಹೇಗೆ ಹೇಳಲಿ?”

ಈ ಎಂಜಿನ್ನಿನ ರೀತಿಯನ್ನು ಮೊದಲು ತಿಳಿಯಬೇಕು. ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ಬದಲಿಸುತ್ತಿದ್ದರು. ಹಳಿಯ ಮೇಲೆ ಎರಡು ಎಂಜಿನ್ನುಗಳಿದ್ದರೆ ಎರಡೂ ಒಟ್ಟಿಗೇ ಓಡುವುವು. ಕಳೆದ ಶತಮಾನದ ಕೊನೆಯ ದಶಕದಲ್ಲಿ, ಜರ್ಮನಿಯ ಲೆಂಜ್ ಸಂಸ್ಥೆಯ ಕೆಲಸವನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘವು ಡಿ.ಸಿ.ಸಿ. ಎಂಬ ಹೊಸ ಪದ್ಧತಿಯನ್ನು ನಿಯಮಬದ್ಧಗೊಳಿಸಿತು. ಇದರಲ್ಲಿ ಹಳಿಗೆ ಸುಮಾರು 15 ವೋಲ್ಟು ಸದಾ ಹರಿಯುತ್ತಲೇ ಇರುತ್ತದೆ. ಆದರೆ ದಿಕ್ಕು ಕ್ಷಣಕ್ಷಣಕ್ಕೂ ಮಗುಚುತ್ತದೆ. ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ 58 ಪಾಲಿಗೆ ಮಗುಚಿದರೆ ಅದು ‘ಒಂದು’, 100 ಪಾಲು ಅಥವಾ ಹೆಚ್ಚು ತಡೆದು ಮಗುಚಿದರೆ ‘ಸೊನ್ನೆ’. ಈ ಒಂದು ಸೊನ್ನೆಗಳ ಸಾಲೇ ಆಜ್ಞೆ. ಅನ್ನವೂ ಆಜ್ಞೆಯೂ ಒಂದೇ ತಂತಿಯಲ್ಲಿ ಬರುತ್ತವೆಂದಾಯಿತು. ಪ್ರತಿ ಆಜ್ಞೆಯ ತಲೆಯಲ್ಲಿ ಒಂದು ಸಂಖ್ಯೆಯಿರುತ್ತದೆ. ನಮ್ಮ ತರಗತಿಯಲ್ಲಿ ಹಾಜರಿ ಕೂಗಿದಂತೆ: ಎಲ್ಲರೂ ಕೇಳುತ್ತಾರೆ, ತನ್ನ ಸಂಖ್ಯೆ ಬಂದವನು ಮಾತ್ರ ಏಳುತ್ತಾನೆ. (ಇನ್ನೊಬ್ಬನ ಸಂಖ್ಯೆಗೆ ಏಳುವ ಪದ್ಧತಿ ನಮ್ಮ ಕೊನೆಯ ಬೆಂಚಿನಲ್ಲುಂಟು; ಅದರ ಮಾತು ಮುಂದೆ ಬರುತ್ತದೆ.)

ಕೈಪಿಡಿ ಓದಿ ತಲೆ ಕೆಡಿಸಿಕೊಂಡಿದ್ದ ನನಗೆ ಮೊದಲ ದಾರಿ ತೋರಿಸಿದವರು ನಮ್ಮ ತಂದೆ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿಯ ಮೇಲೆಯೇ ನಡೆದು ಕಾಲ ಕಳೆದವರು. “ಎಂಜಿನ್ ಆಮೇಲೆ, ಮೊದಲು ಹಳಿ ನೋಡು” ಎಂದರು. ಕೈಪಿಡಿಯಲ್ಲಿದ್ದದ್ದೂ ಅದೇ! ಒಂದು ರೂಪಾಯಿ ನಾಣ್ಯವನ್ನು ಎರಡು ಹಳಿಗಳಿಗೂ ತಾಗುವಂತೆ ಅಡ್ಡವಿಟ್ಟರೆ ನಿಯಂತ್ರಣ ಪೆಟ್ಟಿಗೆಯು ತಟ್ಟನೆ ವಿದ್ಯುತ್ತನ್ನು ಕಡಿಯಬೇಕು. ಕಡಿಯದಿದ್ದರೆ ತಂತಿಯಲ್ಲೋ ಹಳಿಯ ಕೂಡಿಕೆಯಲ್ಲೋ ಸಡಿಲವಿದೆಯೆಂದು ಅರ್ಥ. ಸುತ್ತಲೂ ನಾಲ್ಕೈದು ಕಡೆ ಇಟ್ಟು ನೋಡಿದೆವು. ಎಲ್ಲ ಕಡೆಯೂ ಕಡಿಯಿತು. ಆಮೇಲೆ ಹಳಿಯನ್ನೂ ಚಕ್ರಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದೆವು. ಬಟ್ಟೆ ಕಪ್ಪಾಯಿತು, ಎಂಜಿನ್ನು ಕದಲಲಿಲ್ಲ. ಮರಳು ಕಾಗದದಿಂದ ಮಾತ್ರ ಯಾರೂ ಉಜ್ಜಬಾರದು. ಗೀರು ಬಿದ್ದು ಕೊಳೆ ಇನ್ನೂ ಬೇಗ ಹಿಡಿಯುತ್ತದೆ.

ಇನ್ನೊಂದು ಎಂಜಿನ್ನನ್ನು ಅದೇ ಹಳಿಯ ಮೇಲಿಟ್ಟು ನೋಡಬೇಕೆಂದು ಕೈಪಿಡಿ ಹೇಳುತ್ತಿತ್ತು. “ಇನ್ನೊಂದಿತ್ತಪ್ಪ, ಮೊಮ್ಮಗ ಹೋಗುವಾಗ ತೆಗೆದುಕೊಂಡು ಹೋದ” ಎಂದರು ಡ್ರೈವರು. ಆ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಎಂಜಿನ್ನಿಗೆ ತನ್ನ ಸಂಖ್ಯೆ ಮರೆತುಹೋಗಿರಬಹುದೆ? ಹೀಗಾಗುವುದುಂಟು. ಕಾರ್ಖಾನೆಯಿಂದ ಬರುವಾಗ ಡಿಕೋಡರಿನ ಸಂಖ್ಯೆ ಸಾಮಾನ್ಯವಾಗಿ 3 ಎಂದಿರುತ್ತದೆ. ಯಾವುದೋ ಕಾರಣದಿಂದ ಅದು ಪುನಃ 3 ಆಗಿಬಿಟ್ಟರೆ, ಹಳೆಯ ಸಂಖ್ಯೆಯಿಂದ ಎಷ್ಟು ಕೂಗಿದರೂ ಓಗೊಡದು. ನಮ್ಮ ಡ್ರೈವರು ತಾವು ಕೊನೆಯ ದಿನ ನಡೆಸಿದ ಎಂಜಿನ್ನಿನ ಕಡೆಯ ನಾಲ್ಕಂಕೆಯನ್ನೇ ಇದಕ್ಕೂ ಕೊಟ್ಟಿದ್ದರು. ಆದರೆ ಆ ಸಂಖ್ಯೆಯಿಂದ ಕರೆದಾಗ ದೀಪ ಹತ್ತುತ್ತಿತ್ತಷ್ಟೆ? ಅಂದಮೇಲೆ ವಿದ್ಯುತ್ತು ತಲಪುತ್ತಿದೆ, ಆಜ್ಞೆ ಕೇಳಿಸುತ್ತಿದೆ, ಹೆಸರೂ ನೆನಪಿದೆ. ದೀಪವೊಂದರಿಂದಲೇ ಇಷ್ಟು ತೀರ್ಮಾನಿಸಬಹುದು. ಉಳಿದದ್ದು ಮೋಟಾರು.

ಡಿಕೋಡರಿನಲ್ಲಿ ಸಿ.ವಿ. ಎಂಬ ನೆನಪಿನ ಗೂಡುಗಳಿವೆ. ಪ್ರತಿ ಗೂಡಿಗೂ ಒಂದು ಕ್ರಮಾಂಕ, ಒಳಗೊಂದು ಬೆಲೆ. ಇವನ್ನು ಓದಲು ಎಂಜಿನ್ನನ್ನು ಪ್ರತ್ಯೇಕವಾದೊಂದು ತುಂಡು ಹಳಿಯ ಮೇಲಿಡಬೇಕು. ಎಂಜಿನ್ನಿಗೆ ಬಾಯಿಲ್ಲವಾದ್ದರಿಂದ ಉತ್ತರವನ್ನು ಅದು ವಿಚಿತ್ರ ರೀತಿಯಲ್ಲಿ ಹೇಳುತ್ತದೆ: ಹೌದೆನ್ನಬೇಕಾದಾಗ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಹೊತ್ತು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಸೆಳೆಯುವುದು ಸಾಮಾನ್ಯವಾಗಿ ಮೋಟಾರಿನ ಮೂಲಕ. ನಾನು ಸಂಖ್ಯೆಯ ಗೂಡನ್ನು ಓದಿಸಿದಾಗ ಡ್ರೈವರು ಫಕ್ಕನೆ ಬಗ್ಗಿದರು. “ಅಲುಗಿತು!” ನಾನು ನೋಡಿರಲಿಲ್ಲ. ಪುನಃ ಓದಿಸಿದೆ. ಕೂದಲೆಳೆಯಷ್ಟು, ಆದರೆ ಅಲುಗಿದ್ದು ನಿಜ.

ಮೋಟಾರು ಸತ್ತಿಲ್ಲ, ಅದನ್ನು ನಡೆಸುವ ಡಿಕೋಡರೂ ಸುಟ್ಟಿಲ್ಲವೆಂದು ಆಗಲೇ ಗೊತ್ತಾಯಿತು. ಈ ಹಂತದಲ್ಲಿ ಎಲ್ಲ ಗೂಡುಗಳನ್ನೂ ಒಮ್ಮೆಗೇ ಕಾರ್ಖಾನೆಯ ಸ್ಥಿತಿಗೆ ತಂದುಬಿಡುವ ಉಪಾಯವೂ ಉಂಟು. ಅನೇಕ ಡಿಕೋಡರುಗಳಲ್ಲಿ 8ನೆಯ ಗೂಡಿಗೆ 8 ಎಂದು ಬರೆದರೆ ಸಾಕು. ಹಾಗೆ ಮಾಡಿದ್ದರೆ ರೋಗ ಹೋಗುತ್ತಿತ್ತು, ರೋಗದ ಹೆಸರು ತಿಳಿಯುತ್ತಿರಲಿಲ್ಲ. ಮೊಮ್ಮಗ ಕೂಡಿಸಿಟ್ಟಿದ್ದ ವೇಗದ ಲೆಕ್ಕವೂ ಅಳಿಸಿಹೋಗುತ್ತಿತ್ತು. ನನಗೆ ಮನಸ್ಸಾಗಲಿಲ್ಲ. ಒಂದೊಂದಾಗಿ ಓದುತ್ತ ಹೋದೆವು. 19ನೆಯ ಗೂಡಿನಲ್ಲಿ 138 ಎಂದಿತ್ತು. ಅಲ್ಲಿ ಸೊನ್ನೆ ಇರಬೇಕಾಗಿತ್ತು.

ಅದು ಜೋಡಿ ಎಂಜಿನ್ನುಗಳ ಗೂಡು. ಎರಡನ್ನು ಕೂಡಿಸಿ ಒಂದೇ ಗಾಡಿಗೆ ಹೂಡಿದಾಗ ಎರಡಕ್ಕೂ ಒಂದು ಸಮಾನ ಸಂಖ್ಯೆಯನ್ನು ಇಲ್ಲಿ ಬರೆಯುತ್ತಾರೆ. ಬರೆದ ಮೇಲೆ ಎಂಜಿನ್ನು ಚಲನೆಯ ವಿಷಯದಲ್ಲಿ ಆ ಜೋಡಿಸಂಖ್ಯೆಯ ಮಾತನ್ನು ಮಾತ್ರ ಕೇಳುತ್ತದೆ. ದೀಪ ಸ್ವಂತ ಸಂಖ್ಯೆಗೂ ಉತ್ತರಿಸುತ್ತದೆ. ಆದರೆ ಜೋಡಿಸಂಖ್ಯೆ 127ನ್ನು ಮೀರುವಂತಿಲ್ಲ, 138 ಬಂದದ್ದೆಲ್ಲಿಂದ? ಎಂಜಿನ್ನನ್ನು ಹಿಂದುಮುಂದಾಗಿ ಹೂಡಿದ್ದರೆ 128ನ್ನು ಕೂಡಿಸಬೇಕೆಂಬ ವಾಕ್ಯ ಕೈಪಿಡಿಯ ಮೂಲೆಯಲ್ಲಿತ್ತು. 138ರಲ್ಲಿ 128 ಕಳೆದರೆ 10.

“ಹತ್ತು!” ಎಂದು ಡ್ರೈವರು ಹಣೆ ಚಚ್ಚಿಕೊಂಡರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಐವತ್ತಡಿಗೆ ಒಂದಡಿ ಏರು. ಗಾಡಿಯ ಹಿಂದೆ ಬೇರೆ ಎಂಜಿನ್ನುಗಳನ್ನಿಟ್ಟು ತಳ್ಳಿಸುತ್ತಾರೆ. ಅದನ್ನು ಮೊಮ್ಮಗನಿಗೆ ತೋರಿಸಲೆಂದು ರಜೆಯಲ್ಲಿ ಪುಸ್ತಕಗಳನ್ನು ಪೇರಿಸಿ ಘಾಟಿ ಮಾಡಿ, ಎರಡು ಎಂಜಿನ್ನು ಹೂಡಿ, 10 ಎಂದು ಸಂಖ್ಯೆ ಕೊಟ್ಟಿದ್ದರು. ಹುಡುಗ ಹೊರಟಾಗ ಕೊಂಡಿ ಬಿಡಿಸಿದರೇ ಹೊರತು ಸಂಖ್ಯೆ ಬಿಡಿಸಲಿಲ್ಲ.

19ನೆಯ ಗೂಡಿಗೆ ಸೊನ್ನೆ ಬರೆದು ದೊಡ್ಡ ಹಳಿಗೆ ತಂದಿಟ್ಟೆವು. ಗುಂಡಿಯನ್ನು ಅವರೇ ಒತ್ತಿದರು. ನಿಲ್ದಾಣದಿಂದ ಹೊರಡುವ ಗಾಡಿಯ ಹಾಗೆ ಬಹಳ ನಿಧಾನವಾಗಿ ಹೊರಟಿತು. ಎರಡು ಸುತ್ತು ಆದಮೇಲೆ ಅವರಿಗೇನೋ ಹೊಳೆದು ಮೊಮ್ಮಗನಿಗೆ ಫೋನು ಮಾಡಿದರು. ಅವನ ಎಂಜಿನ್ನೂ ಅಲ್ಲಿ ಅಂದಿನಿಂದ ನಿಂತೇ ಇತ್ತು. ಕೆಡಿಸಿದೆನೆಂದು ತಾತ ಬಯ್ದಾರೆಂದು ಹುಡುಗ ಯಾರಿಗೂ ಹೇಳದೆ ಪೆಟ್ಟಿಗೆಯಲ್ಲಿಟ್ಟಿದ್ದನಂತೆ.