ಗಾಯ ಮಾಯ್ದರೂ ಉಳಿಯುವ ನೋವು

ನಾಟಿಯ ಕೆಲಸ ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಆದರೂ ಗೃಹಿಣಿಯ ಸೊಂಟನೋವು ಹೋಗಿರುವುದಿಲ್ಲ. ಬಾವಿಲ್ಲ, ಗಾಯವಿಲ್ಲ. ಇದು ಕೆಲಸ ತಪ್ಪಿಸುವ ನೆಪವೆಂದು ಮನೆಯವರು ಹಗುರವಾಗಿ ಆಡುವುದುಂಟು. ಈ ಮಾತು ಏಕೆ ಸಲ್ಲದೆಂಬುದನ್ನು ಪತಿಪತ್ನಿಯರಿಬ್ಬರೂ ತಿಳಿದಿರಬೇಕು.

ನೋವಿನ ದಾರಿ

ದೇಹಕ್ಕೆ ಪೆಟ್ಟು ಬಿದ್ದೆಡೆ ಕೆಂಪು, ಬಿಸಿ, ಬಾವು ಮತ್ತು ನೋವು ತೋರುತ್ತವೆ. ಇದೇ ಉರಿಯೂತ. ಅಲ್ಲಿನ ಸುದ್ದಿಯನ್ನು ನರಗಳು ಬೆನ್ನುಹುರಿಗೆ ಒಯ್ಯುತ್ತವೆ. ಸುಮಾರು 45 ಸೆಂಟಿಮೀಟರ್ ಉದ್ದದ ಈ ಹುರಿಯೊಳಗಿನ ನರಕೋಶಗಳು ಅದನ್ನು ಮಿದುಳಿಗೆ ದಾಟಿಸುತ್ತವೆ.

ಈ ನರಕೋಶಗಳ ಮೇಲೆ ಗ್ರಾಹಿಗಳೆಂಬ ಅತಿ ಸೂಕ್ಷ್ಮ ರಚನೆಗಳಿವೆ. ಬೀಗಕ್ಕೆ ಕೀಲಿ ಹೊಂದುವಂತೆ, ಉರಿಯೂತದ ಕಾಲದಲ್ಲಿ ಹುಟ್ಟುವ ಪ್ರೋಸ್ಟಾಗ್ಲಾಂಡಿನ್ ಮೊದಲಾದ ರಾಸಾಯನಿಕಗಳು ಇವಕ್ಕೆ ಬಂದು ಅಂಟುತ್ತವೆ. ಆಗ ಕೆರೆಯ ತೂಬನ್ನು ಅಗಲವಾಗಿ ತೆರೆದಂತಾಗಿ, ಸಣ್ಣ ಸುದ್ದಿಯೂ ದೊಡ್ಡ ನೋವಾಗಿ ಹರಿಯುತ್ತದೆ. ಸಾಮಾನ್ಯವಾಗಿ ಗಾಯ ಮಾಯ್ದೊಡನೆ ತೂಬು ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಮುಚ್ಚುವುದಿಲ್ಲ. ಪೆಟ್ಟಿನ ಬಳಿಕ ಬೆನ್ನುಹುರಿಯೇ ಹೀಗೆ ಅತಿಸೂಕ್ಷ್ಮವಾಗುವುದನ್ನು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಆದುದರಿಂದ ಗಾಯ ಕಾಣದಿದ್ದರೂ ನೋವು ನಿಜವಾಗಿರಬಲ್ಲದು.

ಮಾತ್ರೆಗಳ ವಿಷಯ

ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್‌ನ ಉತ್ಪತ್ತಿಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ಕಂಡುಹಿಡಿದರು. ಇಂತಹ ಮಾತ್ರೆಗಳು ನೋವನ್ನು ತಗ್ಗಿಸುವುದು ದಿಟ. ಆದರೆ ಅಂಗಡಿಯಿಂದ ತಂದು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಉಂಟಾಗಬಹುದು. ಗರ್ಭಿಣಿಯರು, ವಿಶೇಷವಾಗಿ 20 ವಾರಗಳ ನಂತರ, ವೈದ್ಯರನ್ನು ಕೇಳದೆ ಇವುಗಳನ್ನು ಸೇವಿಸಲೇಬಾರದು.

ನೀವು ಮಾಡಬೇಕಾದುದೇನು?

1. ವಾರಗಟ್ಟಲೆ ಮಲಗಿರಬೇಡಿ; ಸಾಧ್ಯವಾದಷ್ಟು ನಡೆದಾಡಿ.
2. ಭಾರ ಎತ್ತುವಾಗ ಮೊಣಕಾಲು ಬಗ್ಗಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿಯಿರಿ.
3. ನೀರಿನ ಕೊಡ, ಸೌದೆಯ ಹೊರೆಗಳನ್ನು ಪತಿಯೂ ಹೊರಲಿ.
4. ನೋವು ಕೆಲವು ವಾರಗಳಲ್ಲಿ ತಗ್ಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಬೆನ್ನುನೋವಿನೊಡನೆ ಕಾಲುಗಳಲ್ಲಿ ಬಲಹೀನತೆ, ತೊಡೆಸಂದಿಯಲ್ಲಿ ಮರಗಟ್ಟುವಿಕೆ, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರವಿದ್ದು ತೂಕ ಇಳಿಯುತ್ತಿದ್ದರೆ ಅದು ಬೆನ್ನುಮೂಳೆಯ ಕ್ಷಯವೂ ಆಗಿರಬಹುದು. ಗರ್ಭಿಣಿಗೆ ಸೊಂಟನೋವಿನೊಡನೆ ರಕ್ತಸ್ರಾವವಾದರೆ ಒಂದು ಕ್ಷಣವೂ ತಡಮಾಡಬಾರದು.

ಜ್ವರವನ್ನು ಅಳೆಯುವ ಕೊಳವೆಯಿದೆ. ನೋವನ್ನು ಅಳೆಯುವ ಕೊಳವೆಯಿಲ್ಲ. ಅನುಭವಿಸುವವರ ಮಾತೇ ಅದಕ್ಕೆ ಅಳತೆ. ಆ ಮಾತನ್ನು ನಂಬಿರಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.