ಕೆಂಪು ದೀಪ ಕಂಡರೆ ರೀಸೆಟ್ ಒತ್ತಬೇಡಿ

ಹುಲಿಕೆರೆ, ಹಳೇಬೀಡು, ಅರಸೀಕೆರೆ ಕಡೆ ಗಾಳಿಮಳೆ ಹೊಡೆದ ಮರುದಿನ ಎಲ್ಲರದ್ದೂ ಒಂದೇ ಮಾತು: ‘ವೈಫೈ ಹೋಗಿದೆ.’ ಹೋಗಿರುವುದು ಬಹುಪಾಲು ವೈಫೈ ಅಲ್ಲ, ಲೈನು. ಈ ಒಂದು ಪದ ತಪ್ಪಿದ್ದಕ್ಕೆ ದುರಸ್ತಿ ಎರಡು ಮೂರು ದಿನ ತಡವಾಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಫೈಬರನ್ನು ಗ್ರಾಮ ಪಂಚಾಯಿತಿವರೆಗೆ ತರಲು ಹೊರಟಿತು. ಈಗ ಹಳ್ಳಿ ಮನೆಗಳಿಗೂ ಫೈಬರ್ ಬಂದಿದೆ. ಗೋಡೆ ಮೇಲಿನ ಪೆಟ್ಟಿಗೆಯನ್ನು ನಾವು ಮೋಡೆಮ್ ಎನ್ನುತ್ತೇವೆ, ಲೈನ್‌ಮನ್ ಓಎನ್‌ಟಿ ಎನ್ನುತ್ತಾರೆ. ಹೊರಗಿನಿಂದ ಪೆಟ್ಟಿಗೆಯವರೆಗೆ ಬರುವುದು ಲೈನು. ಪೆಟ್ಟಿಗೆಯಿಂದ ನಿಮ್ಮ ಮೊಬೈಲ್‌ವರೆಗಿನದು ಮಾತ್ರ ವೈಫೈ.

ನೆಟ್ ನಿಂತರೆ ಮೊದಲು ಪೆಟ್ಟಿಗೆಯ ದೀಪ ನೋಡಿ. ‘ಪಾನ್’ (PON) ದೀಪ ಹಸಿರಾಗಿ ನಿಂತಿದ್ದರೆ ಲೈನು ಸರಿಯಿದೆ. ‘ಲಾಸ್’ (LOS) ಎಂಬಲ್ಲಿ ಕೆಂಪು ಮಿನುಗಿದರೆ ಗಾಜಿನ ಎಳೆಯಲ್ಲಿ ಬೆಳಕು ನಿಮ್ಮ ಮನೆ ತಲುಪುತ್ತಿಲ್ಲ. ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ಕೆಂಪು ಹಾಗೇ ಇದ್ದರೆ ಹೊರಗೆ ಹೋಗಿ ಕೇಬಲ್ ನೋಡಿ. ನಮ್ಮ ಕಡೆ ತೆಂಗಿನ ಮರಗಳ ನಡುವೆಯೇ ಕೇಬಲ್ ಎಳೆದಿರುತ್ತಾರೆ. ಒಣಗಿದ ಗರಿ ಬಿದ್ದರೆ ಸಾಕು, ಹರಿಯುತ್ತದೆ. ಹರಿದದ್ದನ್ನು ತಿರುಚಿ ಟೇಪ್ ಸುತ್ತಬೇಡಿ, ಇದು ಕರೆಂಟ್ ವೈರಲ್ಲ. ಒಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅದರ ನಡುವೆ ಬೆಳಕು ಹರಿಯುವ ದಾರಿ ಸುಮಾರು 9 ಮೈಕ್ರಾನ್. ಅಷ್ಟು ಸಣ್ಣ ದಾರಿ ಎದುರುಬದುರು ಕೂರಬೇಕಾದರೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ನೇ ಬೇಕು. ತುಂಡಾದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲೇಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ಇನ್ನು ರೀಸೆಟ್ ವಿಷಯ. ಪೆಟ್ಟಿಗೆಯ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತಿರುತ್ತದೆ. ರೀಸ್ಟಾರ್ಟ್ ಎಂದರೆ ಆರಿಸಿ ಹಾಕುವುದು, ಏನೂ ಅಳಿಸುವುದಿಲ್ಲ. ರೀಸೆಟ್ ಎಂದರೆ ಅದರೊಳಗೆ ಬರೆದಿಟ್ಟದ್ದನ್ನೆಲ್ಲ ಒರೆಸುವುದು: ಯೂಸರ್ ಐಡಿ, ಪಾಸ್‌ವರ್ಡ್, ವಿಲ್ಯಾನ್ ನಂಬರ್, ನಿಮ್ಮ ವೈಫೈ ಹೆಸರು ಸಹ. ಕಳೆದ ಮಳೆಗಾಲದಲ್ಲಿ ಒಂದು ಮನೆಗೆ ಹೋಗಿದ್ದೆ. ಪರೀಕ್ಷೆ ಅರ್ಜಿಗೆ ಕೊನೆಯ ದಿನ. ಕೆಂಪು ದೀಪ ಕಂಡ ಹುಡುಗ ಸೇಫ್ಟಿ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿದ್ದ. ಸಂಜೆಗೆ ಲೈನ್‌ಮನ್ ಕಂಬದಲ್ಲೇ ಕೇಬಲ್ ಜೋಡಿಸಿ ಹೋದರು. ಪಾನ್ ಹಸಿರಾಯಿತು, ನೆಟ್ ಮಾತ್ರ ಬರಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ವಿಡಿಯೊ ನೋಡುತ್ತಿದ್ದರೆ ಹುಡುಗನ ತಾಯಿ ಅವನನ್ನು ಕರೆದುಕೊಂಡು ಸೈಬರ್ ಸೆಂಟರ್‌ಗೆ ಹೊರಟರು. ಕೆಲವು ಕಂಪನಿಗಳು ಅಳಿಸಿಹೋದದ್ದನ್ನು ದೂರದಿಂದಲೇ ತುಂಬುತ್ತವೆ. ಆ ವ್ಯವಸ್ಥೆ ಇಲ್ಲದ ಕಡೆ ಲೈನ್‌ಮನ್ ಇನ್ನೊಮ್ಮೆ ಬರಬೇಕು. ಆ ತೂತಿನ ಮೇಲೊಂದು ಸ್ಟಿಕ್ಕರ್ ಅಂಟಿಸಿಬಿಡಿ. ಯೂಸರ್ ಐಡಿ, ಪಾಸ್‌ವರ್ಡ್, ವಿಲ್ಯಾನ್ ನಂಬರನ್ನು ಕನೆಕ್ಷನ್ ಕೊಡುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ, ಕನೆಕ್ಷನ್ ನಿಮ್ಮದು.

ದೂರು ಕೊಡುವಾಗ ‘ವೈಫೈ ಇಲ್ಲ’ ಎನ್ನದೆ ‘ಲಾಸ್ ಕೆಂಪಿದೆ’ ಅಥವಾ ‘ಪಾನ್ ಹಸಿರಿದೆ, ನೆಟ್ ಇಲ್ಲ’ ಎನ್ನಿ. ಮೊದಲನೆಯದಕ್ಕೆ ಲೈನ್‌ಮನ್ ಮೆಷಿನ್ ಸಮೇತ ಬರಬೇಕು, ಎರಡನೆಯದು ಎಷ್ಟೋ ಸಲ ಫೋನಿನಲ್ಲೇ ಮುಗಿಯುತ್ತದೆ. ದೂರಿಗೆ ಕೊಡುವ ಡಾಕೆಟ್ ನಂಬರ್ ತಪ್ಪದೆ ಕೇಳಿ.

ಎರಡು ದೀಪವೂ ಸರಿಯಿದ್ದು ನೆಟ್ ನಿಧಾನವಾದರೆ: 5 ಗಿಗಾಹರ್ಟ್ಸ್ ವೈಫೈಗೆ ವೇಗ ಹೆಚ್ಚು, ಆದರೆ ಹಳೇ ಮನೆಯ ದಪ್ಪ ಮಣ್ಣಿನ ಗೋಡೆ ದಾಟುವುದು ಕಷ್ಟ. ಒಳಕೋಣೆಯಲ್ಲಿ 2.4ಕ್ಕೆ ಬದಲಿಸಿ. 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಎಂಬಿ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಎಂಬಿ ಲೆಕ್ಕ ಬೈಟ್‌ನಲ್ಲಿ; ಎಂಟು ಬಿಟ್ ಸೇರಿದರೆ ಒಂದು ಬೈಟ್, ಇದರಲ್ಲಿ ಮೋಸವಿಲ್ಲ. ಗುಡುಗು ಶುರುವಾದರೆ ಅಡಾಪ್ಟರ್ ಪ್ಲಗ್ ಕಿತ್ತಿಡಿ.