ಮೈ ತುಂಬಿದ ಮರಿಯೇ ಮೊದಲು ಸಾಯುವುದೇಕೆ?

ಮುಂಗಾರಿನ ಮೊದಲ ಮಳೆಗಳಿಗೆ ಶಿವಗಂಗೆ ಬೆಟ್ಟದ ಬುಡದಲ್ಲಿ ಎಳೆ ಹುಲ್ಲು ಚಿಗುರುತ್ತಿದ್ದಂತೆ ಕುರಿ ಸಾಕಿದವರು ಎಚ್ಚರವಾಗಬೇಕು. ಸಂಜೆ ಹೊಟ್ಟೆ ತುಂಬ ಮೇದು ಬಂದ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರಬಹುದು. ಅದೂ ಬಡಕಲು ಮರಿಯಲ್ಲ, ಮಂದೆಯಲ್ಲೇ ಚೆನ್ನಾಗಿ ಬೆಳೆದದ್ದು. ದೃಷ್ಟಿ ತಾಗಿತೆಂದು ಸುಮ್ಮನಾಗಬೇಡಿ. ಇದು ಕರುಳುಬೇನೆ ಇರಬಹುದು.

ಇದಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ. ಆಮ್ಲಜನಕವಿಲ್ಲದ ಕಡೆ ಬೆಳೆಯುವ ಇದು ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಷ್ಟಿಷ್ಟು ಇರುತ್ತದೆ, ಮಣ್ಣಿನಲ್ಲೂ ಬಹುಕಾಲ ಉಳಿಯುತ್ತದೆ. ಹಾಗಾಗಿ ಕೊಟ್ಟಿಗೆ ಎಷ್ಟು ತೊಳೆದರೂ ಪೂರ್ತಿ ಹೊರಗಿಡಲಾಗದು. ಮೇವು ದಿಢೀರನೆ ಬದಲಾದಾಗ, ಕಾಳು ಹೆಚ್ಚಾದಾಗ, ಜೀರ್ಣವಾಗದ ಪಿಷ್ಟ ಸಣ್ಣಕರುಳಿಗೆ ಇಳಿಯುತ್ತದೆ. ಅದನ್ನು ತಿಂದು ಬ್ಯಾಕ್ಟೀರಿಯ ಗಂಟೆಗಳಲ್ಲಿ ಮಿತಿಮೀರಿ ಹೆಚ್ಚಿ ವಿಷ ಬಿಡುತ್ತದೆ. ಈ ರೋಗ ತರುವ ‘ಡಿ’ ಬಗೆಯ ಬ್ಯಾಕ್ಟೀರಿಯದ ವಿಷ ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮರಿ ಕತ್ತು ಹಿಂದಕ್ಕೆ ಸೆಟೆದು, ಕಾಲು ಬಡಿದು, ಜೊಲ್ಲು ಸುರಿಸಿ ಸಾಯುತ್ತದೆ. ಆಡುಗಳಲ್ಲಿ ಭೇದಿಯೂ ಕಾಣುತ್ತದೆ. ಹೆಚ್ಚು ತಿನ್ನುವ ಮರಿಯ ಕರುಳಿಗೇ ಹೆಚ್ಚು ಪಿಷ್ಟ ಹೋಗುವುದರಿಂದ ಅದೇ ಮೊದಲು ಬಲಿಯಾಗುತ್ತದೆ.

ಮಳೆಗಾಲವೊಂದೇ ಅಲ್ಲ. ರಾಗಿ ಕೊಯ್ಲಾದ ಹೊಲಕ್ಕೆ ಮಂದೆ ಬಿಟ್ಟಾಗ ಉದುರಿದ ತೆನೆಯೂ ಅಪಾಯವೇ. ಬಕ್ರೀದ್‌ಗೆಂದು ಟಗರಿಗೆ ಒಮ್ಮೆಲೇ ಜೋಳ ಹೆಚ್ಚಿಸುವುದು, ಮದುವೆಮನೆಯಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಸುರಿಯುವುದು ಇನ್ನೂ ಕೆಟ್ಟದ್ದು. ಕಾಳನ್ನು ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಎಳೆ ಹುಲ್ಲಿಗೆ ಬಿಡುವ ಮುನ್ನ ಒಣ ಮೇವು ಹಾಕಿ, ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಮೇಯಿಸಿ.

ಬೇನೆ ಕಾಣಿಸಿದ ಮೇಲೆ ಚಿಕಿತ್ಸೆಗೆ ಸಮಯ ಸಿಗುವುದೇ ಅಪರೂಪ. ನಂಬಬಹುದಾದದ್ದು ಲಸಿಕೆ. ಕರುಳುಬೇನೆಗೆ ಹಾಕುವ ಇ.ಟಿ. (ಎಂಟರೊಟಾಕ್ಸೀಮಿಯ) ಲಸಿಕೆಯನ್ನು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ತಯಾರಿಸುತ್ತಾರೆ. ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲೇ ಹಾಕಿಸಿ. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹಾಕಿಸಲೇಬೇಕು. ಒಂದೇ ಸೂಜಿಗೆ ನಿಲ್ಲಿಸುವುದರಿಂದ ರಕ್ಷಣೆ ಅರೆಬರೆಯಾಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ. ಗಬ್ಬದ ಕುರಿಗೆ ಈಯುವ ನಾಲ್ಕರಿಂದ ಆರು ವಾರ ಮುಂಚೆ ಹಾಕಿಸಿದರೆ ಗಿಣ್ಣದ ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ.

ಹಠಾತ್ತನೆ ಸತ್ತ ಕುರಿಯ ಮೂಗು, ಬಾಯಿ, ಗುದದಿಂದ ರಕ್ತ ಒಸರುತ್ತಿದ್ದರೆ ಅದು ನೆರಡಿ ರೋಗವೂ (ಆಂಥ್ರಾಕ್ಸ್) ಆಗಿರಬಹುದು. ಅದು ಮನುಷ್ಯರಿಗೂ ತಗಲುತ್ತದೆ. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಮಾರಬೇಡಿ. ನಾಯಿಗಳು ಎಳೆಯದಂತೆ ಕಾವಲಿದ್ದು ಹತ್ತಿರದ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.